ಎರಡಕ್ಕೂ ಮೂರಕ್ಕೂ ನಡುವೆ

ಮೊಣಕೈ ಮೇಲೆ ಮತ್ತೊಂದು ಮೂಡಿದೆ.
ಎಲ್ಲಿ ತಗುಲಿತೋ ಗೊತ್ತಿಲ್ಲ.
ಬೇಸಿನ್ನಿನ ಅಂಚಿರಬಹುದು, ಬಸ್ಸಿನ ಕಂಬಿ ಇರಬಹುದು,
ಮೊಮ್ಮಗಳು ನಿದ್ದೆಯಲ್ಲಿ ಒದ್ದ ಕಾಲಿರಬಹುದು.
ಮೊದಲ ದಿನ ಹಿಪ್ಪುನೇರಳೆ ಹಣ್ಣಿನ ಬಣ್ಣ,
ನಾಲ್ಕೈದು ದಿನಕ್ಕೆ ಅದರ ಎಲೆ,
ವಾರ ಕಳೆದರೆ ನಮ್ಮ ಹಳದಿ ಗೂಡು.
ಶಿಡ್ಲಘಟ್ಟದ ಕಸುಬೆಲ್ಲ
ನನ್ನ ತೋಳಿನ ಮೇಲೇ ನಡೆದುಹೋಗುತ್ತದೆ,
ಕೂಲಿ ಮಾತ್ರ ಇಲ್ಲ.

ನಲ್ಲಿ ಹತ್ತಿರ ಅಕ್ಕಯ್ಯಮ್ಮ ಕೊಡ ಕೆಳಗಿಟ್ಟು
ನನ್ನ ಸೆರಗು ಸರಿಸಿ ನೋಡಿದಳು.
"ಪಿಳ್ಳಪ್ಪ ಕುಡಿಯೋಕೆ ಶುರು ಹಚ್ಕೊಂಡ್ನೇನೇ?"
ನಗು ಬಂತು ನನಗೆ.
ಕೋಳಿ ಅಟ್ಟೋಕೂ ಕೈ ಎತ್ತದ ಮನುಷ್ಯ
ಆವತ್ತಿಂದ ನಲ್ಲಿ ಬೀದಿ ಬಿಟ್ಟು
ಹಿಂದಿನ ಸಂದಿಯಲ್ಲಿ ಬರುತ್ತಾನೆ.
ಮಾತ್ರೆ ಚೀಟಿ ಜೇಬಲ್ಲೇ ಇಟ್ಟುಕೊಂಡಿದ್ದಾನೆ,
ಯಾರಾದರೂ ಕೇಳಿದರೆ ತೋರಿಸೋಕೆ.
ಯಾರೂ ಕೇಳುವುದಿಲ್ಲ. ನೋಡುತ್ತಾರೆ, ಅಷ್ಟೆ.

ಹಲ್ಲುಜ್ಜಿದರೆ ಉಗುಳು ಕೆಂಪು.
ಈಳಿಗೆಮಣೆ ಮುಂದೆ ಕೂತರೆ ಎದೆ ಡವಗುಟ್ಟುತ್ತದೆ.
ಹೋದ ತಿಂಗಳು ಕುಯ್ದ ಹೆಬ್ಬೆಟ್ಟು
ಟೀವಿಯಲ್ಲಿ ಧಾರಾವಾಹಿ ಮುಗಿದು ವಾರ್ತೆ ಬರೋವರೆಗೂ ಜಿನುಗಿತು.
ಒಳಗೆಲ್ಲಾದರೂ, ಕಾಣದ ಕಡೆ, ಹೀಗೇ ಜಿನುಗಿದರೆ?
ಬಿಟ್ಟುಬಿಡಲಾ ಅಂದೆ ಒಂದು ರಾತ್ರಿ.

ಅವನು ಮಾತಾಡಲಿಲ್ಲ.
ಟ್ರಂಕು ತೆಗೆದು, ಕಾಗದ ಬಿಡಿಸಿ,
ಒಂದು ಹಿಡಿ ಸಿಕ್ಕು ನೂಲು ತಂದು ಮಡಿಲಿಗೆ ಹಾಕಿದ.
ಅದು ಆ ದಿನದ್ದು.
ಖುದ್ದೂಸ್ ಸಾಬರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು.

ಬಿಸಿನೀರಲ್ಲಿ ಗೂಡು ಕುಣಿಯುತ್ತಿದ್ದವು.
ಎಂಟು ಗೂಡಿನ ಎಳೆ ಸೇರಿ ಒಂದು ನೂಲು,
ಕಣ್ಣು ಕಟ್ಟಿದರೂ ತುದಿ ಹಿಡಿಯುವ ಬೆರಳು ನನ್ನವು.
ಇದ್ದಕ್ಕಿದ್ದಂತೆ ಬಲಗೈ ಬೇರೆ ಯಾರದೋ ಆಯಿತು.
ನೀರಲ್ಲೇ ಬಿದ್ದು ಬೇಯುತ್ತಿತ್ತು, ನನಗೆ ಸುದ್ದಿಯೇ ಇಲ್ಲ.
'ಗೂಡು' ಅನ್ನಹೋದೆ,
'ಗೂ' ಅಷ್ಟೇ ಬಂತು ಬಾಯಿಗೆ.
ಚರಕ ಮಾತ್ರ ಸುತ್ತುತ್ತಲೇ ಇತ್ತು,
ಎಳೆಗಳು ಒಂದೊಂದೇ ಕಡಿದವು.
ಇಪ್ಪತ್ತು ನಿಮಿಷ.
ಆಮೇಲೆ ಕೈ ತಾನಾಗಿ ಮನೆಗೆ ಬಂತು,
ಮುನಿಸಿಕೊಂಡು ತವರಿಗೆ ಹೋದವಳು
ಒಂದೂ ಮಾತಾಡದೆ ಮರಳಿದ ಹಾಗೆ.

"ಹೃದಯದ ಕದ ಪೂರ್ತಿ ತೆರೀತಿಲ್ಲ,
ನಿಂತ ರಕ್ತ ಹೆಪ್ಪಾಗುತ್ತೆ,
ಅದರಲ್ಲೊಂದು ಚೂರು ತಲೆಗೆ ಹೋಗಿತ್ತು.
ಮುಂದಿನ ಸಲ ಇಪ್ಪತ್ತೇ ನಿಮಿಷ ಅಂತ ನಾನು ಬರೆದುಕೊಡಲಾರೆ"
ಅಂದಿದ್ದರು ಡಾಕ್ಟರಮ್ಮ.

ಹಾಗಾಗಿ ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದ ಬಸ್ಸು, ಸೂಜಿ,
ಕಾಗದದ ಮೇಲೊಂದು ಅಂಕಿ.
ಎರಡಕ್ಕೆ ಇಳಿಯಬಾರದು, ಮೂರು ದಾಟಬಾರದು.
ನನಗೇನು ಹೊಸದೇ ಇದು?
ನೂಲು ದಪ್ಪಗಾದರೆ ಮಾರ್ಕೆಟ್ಟಲ್ಲಿ ಮುಖ ತಿರುಗಿಸುತ್ತಾರೆ,
ಸಣ್ಣಗಾದರೆ ಮಗ್ಗದಲ್ಲಿ ಕಡಿಯುತ್ತದೆ.
ಒಂದು ಗೂಡು ಹೆಚ್ಚು, ಒಂದು ಗೂಡು ಕಮ್ಮಿ,
ಮೂವತ್ತು ವರ್ಷ ಅದನ್ನೇ ನೋಡಿಕೊಂಡವಳು;
ಈಗ ಅರ್ಧ ಮಾತ್ರೆ ಹೆಚ್ಚು, ಅರ್ಧ ಮಾತ್ರೆ ಕಮ್ಮಿ.
ಬಸ್ಸಾರೂ ಅಷ್ಟೆ: ಈ ವಾರ ಎಷ್ಟು ಸೊಪ್ಪೋ
ಮುಂದಿನ ವಾರವೂ ಅಷ್ಟೇ ಸೊಪ್ಪು.
ಮಳೆ ಬಿದ್ದು ಬದುವಿನ ತುಂಬ ಬೆರಕೆ ಸೊಪ್ಪು ಎದ್ದಾಗ
ಈ ಲೆಕ್ಕ ಹೇಳಿ ನೋಡಿ ನಾಲಿಗೆಗೆ.

ಮೊನ್ನೆ ಬಸ್ಸಿಳಿಯುವಾಗ ಮೆಟ್ಟಿಲು ತಪ್ಪಿತು.
ಪಿಳ್ಳಪ್ಪ ಗಪ್ಪನೆ ಮುಂಗೈ ಹಿಡಿದ,
ಹಿಡಿದದ್ದೇ ಹೆದರಿ ಬಿಟ್ಟ,
ಬೆಂದ ಗೂಡು ಮುಟ್ಟಿದವನಂತೆ.
ಬೆಳಗಾಗುವಷ್ಟರಲ್ಲಿ ಅಲ್ಲಿ ಹೆಬ್ಬೆರಳಗಲ ನೇರಳೆ.

ಇದೊಂದು ಎಲ್ಲಿಂದ ಬಂತೆಂದು ನನಗೆ ಗೊತ್ತು.
ತೋಳು ಮೇಲಕ್ಕೆ ಮಡಚಿ ನಲ್ಲಿಗೆ ಹೋದೆ.
"ಹೂಂ ಕಣೆ, ಇದು ಅವನದೇ" ಅಂದೆ.
ಅಕ್ಕಯ್ಯಮ್ಮನ ಕೊಡ ತುಂಬಿ ಹರಿಯುತ್ತಿತ್ತು,
ಅವಳು ನಲ್ಲಿ ನಿಲ್ಲಿಸಲಿಲ್ಲ.