ಎರಡನೆಯ ಮದ್ದು

ಕುರೆ ಬಂದರಿಗೆ ಇಳಿಯುವ ಮೆಟ್ಟಿಲ ಪಕ್ಕ
ನನ್ನ ಅಂಗಡಿ. ಎರಡು ಕುರ್ಚಿ, ಒಂದು ತೊಟ್ಟಿ.
ಮಾರ್ಚ್ ಬಂತೆಂದರೆ ಹುಡುಗಿಯರ ಸಾಲು:
ಏಪ್ರಿಲ್‌ಗೆ ಹೊಸ ಶಾಲೆ, ಹೊಸ ಸಮವಸ್ತ್ರ,
ಹೊಸ ನಿಯಮ.

ಇವಳು ಮಿಸಾಟೊ. ಹದಿನೈದು.
ತಾಯಿಯ ಚೀಲದಲ್ಲಿ ಶಾಲೆಯ ಕಾಗದ:
‘ಹುಟ್ಟುಗುಂಗುರಾದರೆ ಪುರಾವೆ ಕೊಡಿ.
ಎಳವೆಯ ಫೋಟೊ ಲಗತ್ತಿಸಿ.’
ಫೋಟೊ ಇಲ್ಲವೇ ಅಂದೆ.
‘ಇವೆ. ಎಲ್ಲದರಲ್ಲೂ ಅವನೇ ಎತ್ತಿಕೊಂಡಿದ್ದಾನೆ’
ಅಂದಳು, ಕೋಟಿನ ಗುಂಡಿ ಬಿಚ್ಚುತ್ತ.
ಅವನು ಯಾರೆಂದು ಕೇಳಲಿಲ್ಲ ನಾನು.
ಹುಡುಗಿಯ ನೆತ್ತಿಯೇ ಹೇಳುತ್ತಿತ್ತು.
‘ನೂಲು ಹಿಡಿದ ಹಾಗಾಗಲಿ.
ಒಂದು ಕೂದಲೂ ಕೊಂಕಬಾರದು.’

ಮೊದಲು ಪರೀಕ್ಷೆ. ಕತ್ತಿನ ಹಿಂದಿನ ಒಂದೆಳೆ
ಕತ್ತರಿಸಿ, ಒದ್ದೆ ಮಾಡಿ ಎಳೆದೆ. ಹಿಗ್ಗಿತು.
ಬಿಟ್ಟೆ. ಸುತ್ತಿಕೊಂಡಿತು ಮತ್ತೆ,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಮಗುವಿನ ಹಾಗೆ.
ಬಣ್ಣ ಕಾಣದ ಕೂದಲು. ತಡೆದೀತು.

ಮೊದಲನೆಯ ಮದ್ದು: ಬುಡದಿಂದ ಒಂದು ಬೆರಳು ಬಿಟ್ಟು,
ಚರ್ಮಕ್ಕೆ ಸೋಕದಂತೆ, ಪದರ ಪದರವಾಗಿ ಬಳಿಯಬೇಕು.
ಕೊಳೆತ ಮೊಟ್ಟೆ, ಅಮೋನಿಯ.
ನಲವತ್ತು ವರ್ಷದಿಂದ ನನ್ನ ಅನ್ನಕ್ಕೂ ಇದೇ ವಾಸನೆ.
ಎಡಗಿವಿಯ ಹಿಂದಕ್ಕೆ ಬಂದಾಗ ಮಿಸಾಟೊ
ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿದಳು.
ಬಂದಾಗಿನಿಂದ ಮೊದಲ ಮಾತು, ಬರೀ ತುಟಿಯಲ್ಲಿ:
‘ಇಲ್ಲಿ ಬೇಡ.’
ತಾಯಿ ವಾರಪತ್ರಿಕೆಯಲ್ಲಿ ಮುಳುಗಿದ್ದಳು.
ಬೆರಳಷ್ಟು ದಪ್ಪದ ಜಡೆಯೆಳೆ ಬೇರೆ ತೆಗೆದು
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕ್ಲಿಪ್ಪು ಹಾಕಿಟ್ಟೆ.

ಹದಿನೈದು ನಿಮಿಷ. ನಡುನಡುವೆ
ಒಂದು ಕೂದಲು ಬೆರಳಿಗೆ ಸುತ್ತಿ ನೋಡುತ್ತೇನೆ.
ಹಳೆಯ ಹಟ ಮರೆತಿದ್ದರೆ ಸಾಕು, ತೊಳೆಯಬೇಕು.
ತಡವಾಯಿತೋ, ಬೆಂದ ಶಾವಿಗೆ;
ಕೈಗೇ ಬರುತ್ತದೆ.

ಕಾಯುವಾಗ ತಾಯಿಗೆ ಹೇಳಬೇಕೆನಿಸಿತು, ಹೇಳಲಿಲ್ಲ:
ನಾನು ಕಸುಬು ಕಲಿತ ವರ್ಷ
ಇದೇ ಜಾತಿಯ ಮದ್ದು, ಇದೇ ನಾತ,
ನಿಮ್ಮಮ್ಮನ ತಲೆಗೆ ಹಚ್ಚಿದ್ದೆ—ಗುಂಗುರು ಬೇಕೆಂದು!
ಮೀನುಪೇಟೆಯಿಂದ ಓಡಿಬಂದಿದ್ದಳು,
ನೀವು ಬೆನ್ನಿನ ಮೇಲಿದ್ದಿರಿ.
ಸುರುಳಿ ಬಿಚ್ಚಿದಾಗ ತನ್ನ ಗುರುತು ತನಗೇ ಹತ್ತದೆ
ಬಿದ್ದು ಬಿದ್ದು ನಕ್ಕಳು. ನೀವು ಹೆದರಿ ಅತ್ತಿರಿ.

ಮದ್ದಿಗೇನು, ನೆಟ್ಟಗೆಯೂ ಒಂದೇ ಸೊಟ್ಟಗೆಯೂ ಒಂದೇ.
ಒಳಗಿನ ಗಂಟು ಬಿಡಿಸುವುದಷ್ಟೆ ಅದಕ್ಕೆ ಗೊತ್ತು.
ಬಿಟ್ಟದ್ದನ್ನು ಯಾರು ಹೇಗೆ ಹಿಡಿದಿದ್ದಾರೋ
ಹಾಗೇ ಕಟ್ಟಿಬಿಡುತ್ತದೆ ಎರಡನೆಯದು.

ತೊಳೆದೆ, ಒಣಗಿಸಿದೆ. ಕಾಗದದಷ್ಟು ತೆಳುವಾಗಿ ತೆಗೆದು
ನೂರ ಎಂಬತ್ತು ಡಿಗ್ರಿಯ ಇಸ್ತ್ರಿ,
ಒಂದೇ ಎಳೆತ, ನಡುವೆ ನಿಲ್ಲುವಂತಿಲ್ಲ.
ಆಮೇಲೆ ಎರಡನೆಯ ಮದ್ದು, ತಣ್ಣಗೆ,
ಹುಡುಗಿ ಭುಜ ಕುಗ್ಗಿಸಿದಳು.
ಹೊರಗೆ ಒಂದು ದೋಣಿ ಕೂಗಿ ಹೋಯಿತು.

ಕ್ಲಿಪ್ಪು ತೆಗೆದಾಗ ಮೇಲೆಲ್ಲ
ಕಪ್ಪು ರೇಷ್ಮೆಯ ಪರದೆ ಬಿದ್ದಿತ್ತು.
ತಾಯಿ ಕೈಯಾಡಿಸಿದಳು. ‘ಇದು ಶಾಶ್ವತ ತಾನೆ?’
ಬೋರ್ಡಿನಲ್ಲಿ ಹಾಗೇ ಬರೆದಿದೆ.
ಬುಡಕ್ಕೆ ಓದಲು ಬರುವುದಿಲ್ಲ;
ತಿಂಗಳಿಗೆ ಒಂದು ಸೆಂಟಿಮೀಟರು, ತನ್ನ ಪಾಡಿಗೆ
ತನ್ನ ಮನೆಯ ದಾರಿಯಲ್ಲೇ ಬರುತ್ತದೆ.
‘ಬೆಳೆದಷ್ಟೂ ಮತ್ತೆ ಮಾಡಿಸಬೇಕು’ ಅಂದೆ.
ಅವಳು ದುಡ್ಡು ಎಣಿಸಿದಳು.

ಬಾಗಿಲಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಎರಡು ದಿನ ತಲೆಗೆ ನೀರು ಬೇಡ, ಕಟ್ಟುವುದು ಬೇಡ,
ಕಿವಿಯ ಹಿಂದೆ ಸಿಕ್ಕಿಸಲೂಬೇಡ.
‘ಇಲ್ಲ’ ಅಂದಳು ಮಿಸಾಟೊ, ಎಡಗಿವಿ ಮುಟ್ಟಿಕೊಂಡು,
‘ಸಿಕ್ಕಿಸುವುದಿಲ್ಲ.’