ನಾಲ್ಕು ಅಂಕದ ಪ್ರಶ್ನೆ

ಪ್ರಶ್ನೆ ಹದಿನೇಳು: ಮದುವೆ ಮಾತುಕತೆಯ ನಡುವೆ
ಕಾದಂಬರಿಯ ನಾಯಕಿ ಎದ್ದು ಹೋದದ್ದೇಕೆ? ವಿವರಿಸಿ.

ನಲವತ್ತೊಂದು ಮಂದಿಯದೂ ಒಂದೇ ಮಾತು: ಸ್ವಾಬಿಮಾನ.
‘ಬ’ದ ಹೊಟ್ಟೆ ಯಾರೂ ಸೀಳಿಲ್ಲ,
ಗೈಡಿನಲ್ಲೂ ಸೀಳಿಲ್ಲ.
ಕೈ ತೋರಿಸಿದರೂ ನಿಲ್ಲದ ಬಸ್ಸಿನಂತೆ
ನನ್ನ ಕೆಂಪು ಪೆನ್ನು ಓಡುತ್ತಲೇ ಇತ್ತು

ಗೌರಿಪಾಳ್ಯದ ಅರ್ಶಿಯಾಳ ಹಾಳೆ ಬರುವ ತನಕ.

“ಆಗ ನಲ್ಲಿಯಲ್ಲಿ ನೀರು ಬಂತು ಮಿಸ್.
ಅಧ್ಯಾಯದ ಶುರುವಲ್ಲೇ ಬಾಗಿಲ ಹತ್ತಿರ ಕೊಡ ಇದೆ,
ಆಮೇಲೆ ಯಾರೂ ಅದರ ಮಾತೇ ಎತ್ತಲ್ಲ.
ನಮ್ಮ ಬೀದಿಲೂ ಇಪ್ಪತ್ತೇ ನಿಮಿಷ ಬರೋದು.
ಅಳೋದಿದ್ರೂ ತುಂಬಿಸಿಟ್ಟು ಅಳಬೇಕು.”

ಹನ್ನೊಂದು ವರ್ಷದಿಂದ ಇದೇ ಪಾಠ.
ಕೊಡ?

ಬೀರು ತೆಗೆದೆ. ಪುಟ ಎಂಬತ್ತಾರು.
ಕೆಳಗಿನ ಸಾಲುಗಳಿಗೆಲ್ಲ ನನ್ನದೇ ಪೆನ್ಸಿಲ್ ಗೆರೆ,
ಅಂಚಿನಲ್ಲಿ ನಕ್ಷತ್ರ ಬೇರೆ.
ಮೇಲೆ, ಗೆರೆ ಬೀಳದ ಒಂದು ಸಾಲಿನಲ್ಲಿ
ಹಿತ್ತಾಳೆ ಕೊಡ. ಖಾಲಿ.

ಮಾದರಿ ಉತ್ತರದಲ್ಲಿ ಇದಿಲ್ಲ.
ಎರಡು ಕೊಟ್ಟೆ. ಹೊಡೆದುಹಾಕಿ ಮೂರು.
ಅದನ್ನೂ ಹೊಡೆದು, ನಾಲ್ಕು ಬರೆದು
ಚಿಕ್ಕದಾಗಿ ಸಹಿ ಹಾಕಿದೆ,
ತಿದ್ದಿದ್ದು ನಾನೇ ಎಂದು.

ಅಷ್ಟರಲ್ಲಿ ಅಂಗಳದ ಸಂಪಿನೊಳಗೆ
ಕಾವೇರಿ ಬಿದ್ದ ಸದ್ದು.
ಉಳಿದ ಕಟ್ಟಿನ ಮೇಲೆ ಪೆನ್ನಿಟ್ಟು
ಎದ್ದು ಹೋದೆ.