ನಲವತ್ತೊಂದನೆಯ ಪುಟ

ನೀಲಿ ರಟ್ಟಿನ ಕಡತ. ಬೆನ್ನಿಗೆ ಅಂಟಿಸಿದ ಚೀಟಿ:
ಉಪಕರಣಗಳ ಪರಿಶೀಲನೆ, ಜಿಲ್ಲಾ ಆಸ್ಪತ್ರೆ, ದಾವಣಗೆರೆ.
ಒಳಗೆ ನಲವತ್ತೊಂದನೆಯ ಪುಟದಲ್ಲಿ
ನನ್ನದೇ ಕೈಬರಹ, ಆಗಿನ್ನೂ ದುಂಡಗಿತ್ತು:
ಬೆರಳಿಗೆ ಕಚ್ಚಿಸುವ ಆಮ್ಲಜನಕ ಮಾಪಕ.
ಸೂಜಿಯಿಲ್ಲ, ನೋವಿಲ್ಲ, ಬೆಲೆ ಅಗ್ಗ.
ಲೆಕ್ಕ ನಂಬಬಹುದು.
ಕೆಳಗೆ ಮೂರು ಸಹಿ, ಒಂದು ಸೀಲು,
ತಾರೀಖಿನ ಮೇಲೆ ಚಹಾ ಲೋಟದ ಉಂಗುರ.

ಸಹಿ ಹಾಕಿದ ಕೊಟ್ರಬಸಪ್ಪ ಡಾಕ್ಟರು ತೀರಿಕೊಂಡರು,
ಇನ್ನೊಬ್ಬರು ಬಳ್ಳಾರಿಗೆ ವರ್ಗವಾದರು.
ಉಳಿದವಳು ನಾನು, ಮತ್ತೆ ಈ ವಾಕ್ಯ.

ಸುಳ್ಳು ಬರೆದಿರಲಿಲ್ಲ.
ಅಂದು ಕೈಗೆ ಸಿಕ್ಕ ವರದಿಗಳೆಲ್ಲ ಹಾಗೇ ಹೇಳಿದ್ದವು.
ಯಾರ ಬೆರಳು ನೋಡಿ ಹೇಳಿದ್ದವೆಂದು
ನಾವು ಕೇಳಲಿಲ್ಲ, ಅಷ್ಟೇ.

ಎಷ್ಟು ಸಣ್ಣ ಮಾತು ಈ ಅಷ್ಟೇ.

ಮಂಡಕ್ಕಿ ಭಟ್ಟಿಯಿಂದ ಬಂದಿದ್ದಳು ಖೈರುನ್ನೀಸಾ,
ಹೊಟ್ಟು ಸುಟ್ಟ ಹೊಗೆಯನ್ನು ಸೆರಗಲ್ಲೇ ಹೊತ್ತು,
ಒಂದು ಮಾತಿಗೆ ಮೂರು ಉಸಿರು.
ಸಿಸ್ಟರ್ ಶಿವಗಂಗಮ್ಮ ಸ್ಪಿರಿಟ್ ಹಚ್ಚಿ ಬೆರಳು ಉಜ್ಜಿದಳು,
ಮಸಿ ಹೋಯಿತು, ಹುಟ್ಟಿನ ಕಪ್ಪು ಉಳಿಯಿತು.
ಮಾಪಕ ಕಚ್ಚಿಸಿದಳು. ತೊಂಬತ್ತನಾಲ್ಕು.
ಬೇರೆ ಬೆರಳಿಗೆ. ತೊಂಬತ್ತನಾಲ್ಕು.
"ಮಿಷನ್ನೇನೋ ಚೆನ್ನಾಗೈತೆ ಅಂತೈತೆ ಮೇಡಂ,
ಈಯಮ್ಮನ ಮುಖ ಹಂಗನ್ನಲ್ಲ."

ನಾನು ಅಂಕಿಯ ಕಡೆ ನಿಂತೆ.
ಮಾತ್ರೆ ಬರೆದು ಕಳಿಸಿದೆ.

ಆ ರಾತ್ರಿಯೇ ಆಟೋದಲ್ಲಿ ಮರಳಿ ಬಂದಳು,
ತುಟಿ ಬೂದಿ ಬಣ್ಣ.
ಮಣಿಕಟ್ಟಿನ ಧಮನಿಯಿಂದ ತೆಗೆದ ರಕ್ತ ಹೇಳಿತು: ಎಂಬತ್ತಾರು.
ಬದುಕಿದಳು. ಅದು ನಮ್ಮ ಜಾಣತನವಲ್ಲ,
ಓಣಿಯ ಹುಡುಗನೊಬ್ಬ
ಸಿಗ್ನಲ್ಲು ನೋಡದೆ ಆಟೋ ಓಡಿಸಿದ್ದ.

ಆಮೇಲೆ ದೂರದ ಊರುಗಳಿಂದ ಬಂತು ಸುದ್ದಿ:
ಕಪ್ಪು ಚರ್ಮದ ಕೆಳಗೆ ಆ ಪುಟ್ಟ ಕೆಂಪು ದೀಪ
ಕೆಲವೊಮ್ಮೆ ಇಲ್ಲದ ಉಸಿರನ್ನು ಇದೆಯೆಂದು ಓದುತ್ತದೆ.
ಮೊದಲೊಂದು ವರದಿ, ಆಮೇಲೆ ಸಾಲು ಸಾಲು.
ಓದಿದೆ. ತಲೆಯಾಡಿಸಿದೆ. ಖೈರುನ್ನೀಸಾ ನೆನಪಾದಳು.
ಮೊಬೈಲು ಆರಿಸಿ ರೌಂಡ್ಸಿಗೆ ಹೋದೆ.
ಬೀರುವಿನ ಕತ್ತಲಲ್ಲಿ ನಲವತ್ತೊಂದನೆಯ ಪುಟ
ನಂಬಬಹುದು, ನಂಬಬಹುದು ಎನ್ನುತ್ತಲೇ ಇತ್ತು.
ಆ ಒಂದು ಮಾತಿನ ಬಲದ ಮೇಲೆ
ಜಗಳೂರಿಗೆ, ಹರಿಹರಕ್ಕೆ, ಹೊನ್ನಾಳಿಗೆ
ಪೆಟ್ಟಿಗೆ ಪೆಟ್ಟಿಗೆ ಮಾಪಕಗಳು ಹೋಗುತ್ತಲೇ ಇದ್ದವು.

ಮೊನ್ನೆ ಎಪಿಎಂಸಿಯಲ್ಲಿ, ಮೆಕ್ಕೆಜೋಳದ ರಾಶಿ ಪಕ್ಕ,
ಅಳತೆ-ತೂಕದ ಇಲಾಖೆಯವನೊಬ್ಬ
ತಕ್ಕಡಿಯ ಬೆನ್ನಿಗೆ ಸೀಸದ ಮುದ್ರೆ ಒತ್ತುತ್ತಿದ್ದ.
ಹೋದ ವರ್ಷವೂ ಒತ್ತಿದ್ದರಲ್ಲಾ, ಎಂದೆ.
ತಲೆಯೆತ್ತದೆ ಹೇಳಿದ:
"ಹೋದ ವರ್ಷದ ಮುದ್ರೆ ಹೋದ ವರ್ಷದ ಜೋಳಕ್ಕೆ, ಮೇಡಂ."

ಮನೆಗೆ ಹೋಗಲಿಲ್ಲ.
ಗುಮಾಸ್ತ ಹಾಲಸ್ವಾಮಿ ಕೀಲಿ ಹುಡುಕುತ್ತ ಗೊಣಗಿದ:
ಮುಗಿದ ಫೈಲಿದು, ಆಡಿಟ್ ಆದ ಫೈಲು,
ಇದನ್ನ ಮತ್ತೆ ತೆಗೆದರೆ ಕೇಳೋರಿಗೇನು ಹೇಳಲಿ?
ಕಣ್ಣು ತೆರೆಯಿತು ಅನ್ನು, ಎಂದೆ.
ಅವನು ನಗಲಿಲ್ಲ.

ಹಳೆಯ ಸಾಲನ್ನು ಹೊಡೆದುಹಾಕಲಿಲ್ಲ.
ಅಂದು ಇಷ್ಟೇ ತಿಳಿದಿತ್ತೆಂದು
ಮುಂದಿನವರಿಗೆ ಗೊತ್ತಾಗಲಿ.
ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ:
ಕಪ್ಪು ಮೈಬಣ್ಣದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು.
ಅಂಕಿ ಚೆನ್ನಾಗಿದ್ದು ಮುಖ ಕೆಟ್ಟಿದ್ದರೆ
ಮುಖವನ್ನು ನಂಬಿ. ರಕ್ತ ಪರೀಕ್ಷೆಗೆ ಕಳಿಸಿ.
ಇಂದಿನ ತಾರೀಖು. ಅದರಡಿ ಇನ್ನೊಂದು ತಾರೀಖು,
ಇನ್ನೂ ಬಾರದ್ದು:
ಈ ಪುಟ ಅಂದು ಮತ್ತೆ ತೆರೆಯತಕ್ಕದ್ದು.

ಬೆಳಗ್ಗೆ ಬಿಚ್ಚಿದ ಮಂಡಕ್ಕಿ ಪೊಟ್ಟಣ ಮೇಜಿನ ಮೇಲಿತ್ತು.
ಮೆತ್ತಗಾಗಿತ್ತು. ಆದರೂ ಇಬ್ಬರೂ ತಿಂದೆವು.

"ತೆರೆಯೋರು ಯಾರು?" ಹಾಲಸ್ವಾಮಿ ಕೇಳಿದ.
"ಮಾರ್ಚಿಗೆ ನಿಮ್ಮ ರಿಟೈರ್‌ಮೆಂಟು."
ನಾನು ಹೇಳಲಿಲ್ಲ. ಫ್ಯಾನಿನ ಗಾಳಿಗೆ ಪುಟ
ತಾನೇ ಮಗುಚಲು ನೋಡಿತು, ಅವನು ಕೈಯಿಟ್ಟು ತಡೆದ.
ಆಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ಲು ತೆಗೆದು
ತಾರೀಖಿನ ಪಕ್ಕ ತನ್ನ ಹೆಸರು ಬರೆದ,
ಅಳಿಸಬಹುದಾದಷ್ಟು ತೆಳ್ಳಗೆ.